ಮದ್ದು ಎಂದ ಮೈಕಿನವರು

ಕಳೆದ ವಾರ ಕೆರಾಡಿಯ ಅಕ್ಕನ ಮನೆಯ ಕಿಟಕಿ ದಂಡೆಯಲ್ಲಿ ಒಂದು ಹಳೆಯ ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದರೆ ಅದೇ ವಾಸನೆ. ಮಂಗನ ಕಾಯಿಲೆಯ ವರ್ಷ, ಉಣ್ಣಿ ಕಚ್ಚದಿರಲೆಂದು ಆಸ್ಪತ್ರೆಯವರು ಮನೆಮನೆಗೆ ಹಂಚಿದ ಎಣ್ಣೆ. ಅದರ ಹಿಂದೆಯೇ ಮೈಕಿನವರ ದನಿ ನೆನಪಾಯಿತು, ಹಳೆಯ ಹೊಟ್ಟೆಕಿಚ್ಚೂ ಎದ್ದಿತು. ಅವರು ತೀರಿಹೋಗಿ ವರ್ಷವಾಯಿತು, ನನಗೆ ಮಾತ್ರ ಇನ್ನೂ ಆರಿಲ್ಲ...

ನಾನು ಕೋಟದಲ್ಲಿ ಬೋರ್ಡು ಬರೆಯುವವನು. ಅವರು ಆಟೋಕ್ಕೆ ಮೈಕು ಕಟ್ಟಿಕೊಂಡು ಹಾಲಾಡಿಯಿಂದ ಬೈಂದೂರಿನವರೆಗೆ ಯಕ್ಷಗಾನದ ಪ್ರಚಾರ ಮಾಡುತ್ತಿದ್ದವರು. ಓದು ನನಗಿಂತ ಕಡಿಮೆ, ವ್ಯಾಕರಣ ದೇವರಿಗೇ ಪ್ರೀತಿ. ಆದರೂ ಅವರ ಆಟೋ ಬಂದರೆ ಹೆಂಗಸರು ಕೈಕೆಲಸ ಬಿಟ್ಟು ಅಂಗಳಕ್ಕೆ ಬರುತ್ತಿದ್ದರು. ನನ್ನ ಬೋರ್ಡಿನ ಮುಂದೆ ದನ ನಿಂತರೆ ಹೆಚ್ಚು.

ಆ ವರ್ಷ ಕಾಡಿನಲ್ಲಿ ಮಂಗಗಳು ಸತ್ತವು. ದನದ ಹಟ್ಟಿಗೆ ಸೊಪ್ಪು, ತರಗೆಲೆ ತರಲು ಅಕ್ಕ ದಿನಾ ಕಾಡಿಗೆ ಹೋಗುತ್ತಿದ್ದಳು. ಪಕ್ಕದ ಮನೆಯಾಕೆ ಜ್ವರ ಬಂದು ಆಸ್ಪತ್ರೆ ಸೇರಿದ ಮೇಲೆ ನನಗೆ ಅಕ್ಕನದೇ ಹೆದರಿಕೆ. ಆಸ್ಪತ್ರೆಯ ಎಣ್ಣೆಯ ಪ್ರಚಾರದ ಕೆಲಸ ನನಗೂ ಸಿಕ್ಕಿತು, ಮೈಕಿನವರಿಗೂ ಸಿಕ್ಕಿತು. ನಾನು ಅಕ್ಕನ ಮನೆಯೆದುರಿನ ಗೋಡೆಯ ಮೇಲೇ ಮೊದಲು ಬರೆದೆ: ‘ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಿ.’ ಕೆಂಪು ಅಕ್ಷರ, ಕೆಳಗೆ ದೊಡ್ಡ ಉಣ್ಣಿಯ ಚಿತ್ರ.

ಅಕ್ಕ ಎಣ್ಣೆ ಮುಟ್ಟಲಿಲ್ಲ. ಕೇಳಿದರೆ, “ಬಣ್ಣ ಲಾಯ್ಕ್ ಆಯ್ತ್ ಮಾರಾಯ,” ಎಂದಳು.

ಮೈಕಿನವರೂ ಎರಡು ದಿನ ನನ್ನ ಸಾಲನ್ನೇ ಕೂಗಿದರಂತೆ. ಮೂರನೆಯ ದಿನ ಮೈಕು ಆರಿಸಿ ಅಕ್ಕನ ಜಗಲಿಯಲ್ಲಿ ಕುಳಿತು, ನೀರು ಬೆಲ್ಲ ತೆಗೆದುಕೊಂಡು, “ಎಂತಕ್ ಹಚ್ಕಂತಿಲ್ಲ ಅಕ್ಕ?” ಎಂದು ಕೇಳಿದರು.

“ಮೈಗ್ ಎಣ್ಣಿ ಹಚ್ಕಂಡ್ ಯಾರಾರೂ ಹೊಸ್ಲ್ ದಾಟ್ತ್ರಾ?” ಎಂದಳು ಅಕ್ಕ.

ಎಣ್ಣೆ ಹಚ್ಚಿದ ಮೈಯಲ್ಲಿ, ಸ್ನಾನ ಮಾಡದೆ ಹೊರಗೆ ಹೊರಡುವುದು ನಮ್ಮ ಕಡೆ ಅಪಶಕುನ. ಚಿಕ್ಕಂದಿನಲ್ಲಿ ಅಮ್ಮ ನನಗೂ ಅದಕ್ಕೇ ಬೈದಿದ್ದಳು. ಬ್ರಷ್ ಹಿಡಿದಾಗ ಮಾತ್ರ ಹೊಳೆಯಲಿಲ್ಲ ನೋಡಿ.

ಮರುದಿನದಿಂದ ಮೈಕಿನಲ್ಲಿ ಎಣ್ಣೆ ಎಂಬ ಮಾತೇ ಇಲ್ಲ. “ಹ್ವಾಯ್, ಸೊಪ್ಪಿಗ್ ಹೋಪ ಅಕ್ಕಂದಿರೇ, ಕಾಲಿಗ್ ಮದ್ದ್ ಹಚ್ಕಂಡ್ರ್ಯಾ? ಬಂದ್ ಮೇಲ್ ಬಿಸಿನೀರ್ ಸ್ನಾನ ಮಾಡಿ, ಆಯ್ತಾ?” ಮದ್ದಿಗೆ ಎಂಥ ಶಕುನ? ಅಕ್ಕ ಹಚ್ಚಿಕೊಂಡಳು, ಕೇರಿಯ ಹೆಂಗಸರೆಲ್ಲ ಹಚ್ಚಿಕೊಂಡರು. ಅಕ್ಕನಿಗೆ ಜ್ವರ ಬರಲಿಲ್ಲ. ನನಗೆ ಜೀವ ಬಂದಂತಾಯಿತು, ಬೆನ್ನಿಗೇ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಅಕ್ಕನನ್ನು ಉಳಿಸಿದವನು ನಾನಾಗಬೇಕಿತ್ತು. ಒಡಹುಟ್ಟಿದವನ ಮಾತಿಗಿಂತ ಅವರ ಮಾತು ಹೆಚ್ಚಾಯಿತೇ ಎಂದು ಅಕ್ಕನನ್ನು ಕೇಳಿಯೇ ಬಿಟ್ಟೆ.

“ಅವ್ರ್ ಕೂತ್ಕಂಡ್ ಕೇಂಡ್ರ್. ನೀ ಬರ್ದ್ ಹೋದೆ,” ಎಂದಳು.

ಆ ಸಿಟ್ಟಿಗೆ, ಅವರ ಆಟೋ ನನ್ನ ಅಂಗಡಿಯ ಮುಂದೆ ಬಂದಾಗ ತಡೆದು, “ಮೈಕ್ ಸಣ್ಣ ಮಾಡಿ ಮಾರಾಯ್ರೆ, ಬೋರ್ಡ್ ಬರಿವತಿಗೆ ಕೈ ನಡುಗತ್ತ್,” ಎಂದೆ. ಅವರು ನಂಬಿದರು. ಮುಂದೆ ಬದುಕಿರುವವರೆಗೂ ನನ್ನ ಅಂಗಡಿ ಹತ್ತಿರವಾದೊಡನೆ ಸದ್ದು ತಗ್ಗಿಸಿ, ಕೈಯೆತ್ತಿ ನಕ್ಕು ಹೋಗುತ್ತಿದ್ದರು. ‘ನನ್ನ ಅಕ್ಕ ಉಳಿದದ್ದು ನಿಮ್ಮಿಂದ’ ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಂಡೆ. ಈಗ ಹೇಳೋಣವೆಂದರೆ ಕೇಳಲು ಅವರಿಲ್ಲ...

ಮೊನ್ನೆ ಪ್ರಚಾರದ ರೆಕಾರ್ಡು ಹಾಕಿದ ಯಾವುದೋ ಗಾಡಿ ಅಂಗಡಿಯ ಮುಂದೆಯೇ ನಿಂತು ಕಿರುಚಿತು. ನಾನು ಬರೆಯುತ್ತಲೇ ಇದ್ದೆ, ಕೈ ನಡುಗಲಿಲ್ಲ. ಎಂದೂ ನಡುಗಿರಲಿಲ್ಲ.