ಕಾದಿದ್ದಕ್ಕೂ ಕೂಲಿ

ತೆರಕಣಾಂಬಿಯ ಚೆಂಡುಹೂವಿನ ಹೊಲಗಳಿಗೆ ಅವ್ವ ಕೂಲಿಗೆ ಹೋಗುತ್ತಿದ್ದಳು. ಲಾರಿ ಬರಲಿಲ್ಲ, ಇವತ್ತು ಹೂ ಕೀಳುವುದು ಬೇಡ ಎಂದು ಮಾಲೀಕ ಹೇಳಿದರೆ ಬದುವಿನ ಮೇಲೆ ಕೂತುಬಿಡುತ್ತಿದ್ದಳು. "ಕರ್ದೋರು ನೀವು. ಕಾದಿದ್ದಕ್ಕೂ ಕೂಲಿ ಮಡಗಿ."

ನಾನು ವಿಯೆಟ್ನಾಮಿನ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಟೀಚರಾದೆ. ಬೆಳಗಿನಿಂದ ರಾತ್ರಿಯವರೆಗೆ ಅಲ್ಲೇ ಇರಬೇಕು, ಸಂಬಳ ಮಾತ್ರ ಪಾಠದ ಗಂಟೆಗಳಿಗಷ್ಟೇ. ಒಂದು ಸಂಜೆ ವಿದೇಶಿ ಶಿಕ್ಷಕರನ್ನೆಲ್ಲ ಸೇರಿಸಿಕೊಂಡು ಶಾಲೆಯ ಬಾಗಿಲಲ್ಲೇ ಕೂತೆ. ರಾತ್ರಿ ಪಾಠಕ್ಕೆ ಮಕ್ಕಳನ್ನು ಬಿಡಲು ಬಂದ ಪೋಷಕರು ಸುತ್ತ ನಿಂತರು. ಅವರೆದುರೇ ಮಾಲೀಕ ಕಾಯುವ ಹೊತ್ತಿಗೂ ಸಂಬಳ ಕೊಡಲು ಒಪ್ಪಿಕೊಂಡ.

ಗುಂಡ್ಲುಪೇಟೆ ಬಸ್ಸಿನಲ್ಲಿದ್ದ ಅವ್ವನಿಗೆ ನಾನು ಬಾಗಿಲಲ್ಲಿ ಕೂತಲ್ಲಿಂದಲೇ ಫೋನ್ ಮಾಡಿ, "ನಿನ್ನಂಗೇ ಕೂತು ಗೆದ್ದೆ ಕಣವ್ವ, ಕಾದಿದ್ದಕ್ಕೂ ಕೊಡ್ತಾರೆ" ಅಂದೆ.

"ನಿನ್ ಜೊತೇಲಿ ಕೂತೋರ್ಗೂ ಕೊಡ್ತಾರಾ?"

"ಎಲ್ಲಾರ್ಗೂ."

"ಅಂಗಾದ್ರೆ ಏಳು ಕಣಮ್ಮಿ, ಪಾಠಕ್ಕೆ ಐಕ್ಳು ಕಾಯ್ತಾವೆ."