ಕೌದಿಯಲ್ಲಿ ಇಳಿಸಿದ ಮೇಷ್ಟ್ರು

ಐವತ್ತು ತುಂಬಿದಾಗ ಆರ್ಡಿತ್ ನೀಗಾರ್ಡ್ ಶಾಲೆಯ ಅಡುಗೆ ಕೆಲಸ ಬಿಟ್ಟು, ನೆಬ್ರಾಸ್ಕಾದ ತನ್ನ ಊರಿನ ಹಳೇ ಮನೆಯನ್ನು ನೋಡಿಕೊಳ್ಳತೊಡಗಿದಳು. ಆ ಬಯಲಿಗೆ ವಲಸೆ ಬಂದ ಮೊದಲಿಗರು ಕಟ್ಟಿದ ಮರದ ಮನೆ ಅದು. ಊರವರೇ ರಿಪೇರಿ ಮಾಡಿಸಿ ಮ್ಯೂಸಿಯಂ ಮಾಡಿದ್ದರು. ಹತ್ತೊಂಬತ್ತು ವರ್ಷ, ಅಲ್ಲಿನ ಒಂದು ಚಮಚವನ್ನೂ ಅವಳು ಯಾರಿಗೂ ಮುಟ್ಟಗೊಡಲಿಲ್ಲ.

ಆ ಜೂನ್ ಮಧ್ಯಾಹ್ನ ಬಂದವರು ಇಬ್ಬರೇ: ಅವಳಿಗೆ ಪಾಠ ಹೇಳಿದ್ದ ತೊಂಬತ್ತೆರಡರ ಎಮೆಟ್ ವ್ರಾನಾ ಮೇಷ್ಟ್ರು, ಅವರ ಮೊಮ್ಮಗಳು ಜೋಯೆಲ್.

ಮೇಷ್ಟ್ರು ಮಂಚದ ಮೇಲಿನ ಕೌದಿಯತ್ತ ಊರುಗೋಲು ತೋರಿಸಿ, "ಏನೇ ಆರ್ಡಿತ್, ಇದನ್ನಾದ್ರೂ ಮುಟ್ಟಬಹುದೇನೇ?" ಎಂದು ಕೆಣಕಿದರು.

"ಕೈ ಹಿಂದೆ ಕಟ್ಕೊಳ್ಳಿ ಮೇಷ್ಟ್ರೇ. ನೀವೇ ಕಲಿಸಿದ್ದಲ್ವಾ?"

ಅಷ್ಟರಲ್ಲಿ ಬಿರುಗಾಳಿಯ ಮೋಡ ಕವಿದು ಕಿಟಕಿಯ ಬೆಳಕು ಹಸಿರಾಯಿತು. ಸುಂಟರಗಾಳಿ ಬರುವುದನ್ನು ಎಚ್ಚರಿಸುವ ಊರಿನ ಸೈರನ್ ಕೂಗತೊಡಗಿತು. ಪಡುವಣದಲ್ಲಿ, ಮೆಕ್ಕೆಜೋಳದ ಹೊಲಗಳಾಚೆ, ಮೋಡದಿಂದ ಕಪ್ಪು ಸೊಂಡಿಲೊಂದು ಇಳಿಯುತ್ತಿತ್ತು.

"ಕಾರಿಗೆ ಓಡೋಣ!" ಎಂದಳು ಜೋಯೆಲ್.

"ಬೇಡ! ಸುಂಟರಗಾಳಿ ಕಾರನ್ನೇ ಎತ್ಕೊಂಡು ಹೋಗುತ್ತೆ. ಇಲ್ಲೇ ನೆಲಮಾಳಿಗೆ ಇದೆ, ಬಾ," ಎಂದಳು ಆರ್ಡಿತ್.

ನೆಲಮಾಳಿಗೆಯ ಬಾಗಿಲಿದ್ದದ್ದು ಅಡುಗೆಮನೆಯ ನೆಲದಲ್ಲಿ. ಅದರ ಮೇಲೆ ಪಿಂಗಾಣಿ ತುಂಬಿದ ಓಕ್ ಮರದ ಬೀರು. ಆರ್ಡಿತ್, ಜೋಯೆಲ್ ಇಬ್ಬರೂ ಹೆಗಲು ಕೊಟ್ಟು ನೂಕಿದರು, ಅಲುಗಲಿಲ್ಲ. ಆರ್ಡಿತ್ ತಟ್ಟೆಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ನೆಲಕ್ಕೆ ಎಸೆದಳು. ಮತ್ತೆ ನೂಕಿದಾಗ ಬೀರು ಕಿರುಗುಟ್ಟುತ್ತ ಸರಿಯಿತು.

ಕೆಳಗೆ ಕಡಿದಾದ ಏಣಿ. ಮೇಷ್ಟ್ರ ಮಂಡಿ ಮಡಚುತ್ತಿರಲಿಲ್ಲ.

"ನೀವಿಬ್ರೂ ಇಳೀರಿ. ನಾನು ಬದುಕಿದ್ದು ಸಾಕು," ಎಂದರು.

"ಬಾಯ್ಮುಚ್ಕೊಂಡು ಕೂತ್ಕೊಳ್ಳಿ!" ಎಂದು ಗದರಿ ಆರ್ಡಿತ್ ಮಂಚದ ಕೌದಿ ಎಳೆದು ತಂದು ಅವರ ಕಂಕುಳಿಗೆ ಸುತ್ತಿದಳು. ಜೋಯೆಲ್ ಮೊದಲು ಇಳಿದು ಕೆಳಗಿಂದ ಅವರ ಕಾಲು ಹಿಡಿದಳು. ಆರ್ಡಿತ್ ಮೇಲಿಂದ ಕೌದಿಯ ತುದಿ ಹಿಡಿದು ಅವರನ್ನು ಇಳಿಬಿಟ್ಟಳು. ಅರ್ಧಕ್ಕೆ ಬರುವಷ್ಟರಲ್ಲಿ ಕೌದಿ ಪರ್ರೆಂದು ಹರಿದು ಮೇಷ್ಟ್ರು ಮೊಮ್ಮಗಳ ಮೇಲೆ ಬಿದ್ದರು. ಆರ್ಡಿತ್ ಏಣಿಗೆ ಇಳಿದು, ಬಾಗಿಲೆಳೆದು, ಅದರ ಒಳಬದಿಯ ಕಬ್ಬಿಣದ ಬಳೆಗೆ ಜೋತುಬಿದ್ದಳು. ಗಾಳಿ ಎರಡು ಸಲ ಬಾಗಿಲ ಸಮೇತ ಅವಳನ್ನು ಮೇಲಕ್ಕೆತ್ತಿತು. ಮೇಲೆ ಹಲಗೆಗಳು ಲಟಲಟ ಕಿತ್ತುಹೋದವು.

ಆಮೇಲೆ ಎಲ್ಲ ನಿಂತುಹೋಯಿತು.

"ಜೋಯೆಲ್?"

"ಇದೀನಿ."

"ಮೇಷ್ಟ್ರೇ?"

ಆರ್ಡಿತ್ ಏಣಿಯಿಂದ ಇಳಿದು ಕತ್ತಲಲ್ಲಿ ತಡಕಾಡಿದಳು. "ಮೇಷ್ಟ್ರೇ!"

"ಬಾಯ್ಮುಚ್ಕೋ ಅಂದ್ಯಲ್ಲೇ," ಎಂದರು ಅವರು ಕತ್ತಲಿಂದ.

ಅವರ ಮಣಿಕಟ್ಟು ಮುರಿದಿತ್ತು, ಅಷ್ಟೇ. ಮನೆಯ ಅರ್ಧ ಚಾವಣಿ ಹಾರಿಹೋಗಿತ್ತು. ಮನೆಯನ್ನು ಮತ್ತೆ ನಿಲ್ಲಿಸಲು ಎರಡು ವರ್ಷ ಹಿಡಿಯಿತು. ಮ್ಯೂಸಿಯಂ ಸಮಿತಿಯವರು ಹಳೇ ಫೋಟೋ ಹಿಡಿದು, ಬೀರು ಮೊದಲಿದ್ದಲ್ಲೇ, ನೆಲಮಾಳಿಗೆಯ ಬಾಗಿಲ ಮೇಲೆಯೇ ಇರಬೇಕೆಂದರು.

"ಹಾಗಾದ್ರೆ ಬೀಗದ ಕೈ ತಗೊಳ್ಳಿ. ನಾಳೆಯಿಂದ ನಾನು ಬರಲ್ಲ," ಎಂದಳು ಆರ್ಡಿತ್.

ಬೀರು ಎದುರು ಗೋಡೆಗೆ ಹೋಯಿತು. ಗಾಳಿ ಎದ್ದ ದಿನಗಳಲ್ಲಿ ಮಾತ್ರ ಅವಳು, ಬಂದವರಿಗೆ ಮನೆಯ ಕತೆ ಹೇಳುತ್ತಲೇ, ಪಡುವಣದ ಕಿಟಕಿಯಿಂದ ಕಣ್ಣು ಕೀಳುತ್ತಿರಲಿಲ್ಲ.