ಟೈಪಿಂಗ್ ಮೇಡಂ ಸಹಿ ಹಾಕಿಕೊಟ್ಟ ಖಾಲಿ ಪುಸ್ತಕ

ಮೇಡಂ ಅವರ ಬಲಗೈ ಹೆಬ್ಬೆರಳಿನ ಒಂದು ಪಕ್ಕ ಕೊಬ್ಬರಿ ಚಿಪ್ಪಿನಷ್ಟು ಗಟ್ಟಿಯಾಗಿ ಜಡ್ಡುಗಟ್ಟಿತ್ತು. ಮೂವತ್ತು ವರ್ಷ ಟೈಪ್‌ರೈಟರಿನ ಸ್ಪೇಸ್ ಬಾರ್ ಒತ್ತಿ ಒತ್ತಿ ಆದದ್ದು. ಪಾಠ ಹೇಳುವಾಗ ಆ ಬೆರಳು ನನ್ನ ಕೈಗೆ ತಾಗಿದರೆ ಮರದ ತುಂಡು ತಾಗಿದ ಹಾಗಾಗುತ್ತಿತ್ತು. ಅವರು ಷೇರಿನ ಖಾಲಿ ಚೀಟಿಗಳಿಗೆ ಸಹಿ ಹಾಕಿದ ದಿನ ಪೆನ್ನು ಆ ಜಡ್ಡಿನ ಮೇಲೆಯೇ ಒರಗಿತ್ತು. ಎದುರಿಗೆ ಕೂತು ಒಂದೊಂದೇ ಹಾಳೆ ತಿರುಗಿಸಿ ಕೊಟ್ಟವನು ನಾನು.

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಕೊಬ್ಬರಿ ಮಂಡಿ, ಅದರ ಮಹಡಿ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಒಂಬತ್ತು ಮಿಷನ್ನುಗಳು. ಕೆಳಗಿನಿಂದ ಕೊಬ್ಬರಿ ವಾಸನೆ ಮೆಟ್ಟಿಲು ಹತ್ತಿ ಬಂದು ರಿಬ್ಬನ್ನಿನ ಮಸಿ ವಾಸನೆ ಜೊತೆ ಸೇರುತ್ತಿತ್ತು. ಪಿಯುಸಿ ಮುಗಿಸಿ ಹಾರನಹಳ್ಳಿಯಿಂದ ದಿನಾ ಬಸ್ಸಿಗೆ ಬಂದು ಕಲಿತೆ. ನನ್ನದೊಂದು ಹಾಳು ಚಾಳಿ ಇತ್ತು. ಶಿಫ್ಟ್ ಕೀಯನ್ನು ಬೇಗ ಬಿಟ್ಟುಬಿಡುತ್ತಿದ್ದೆ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಸಾಲು ಬಿಟ್ಟು ಮೇಲಕ್ಕೆ ಹಾರಿ ಕೂರುತ್ತಿದ್ದವು. ಮೇಡಂ ಅವಕ್ಕೆಲ್ಲ ಕೆಂಪು ಸುತ್ತು ಹಾಕುತ್ತಿದ್ದರು. ನಾನು ರಬ್ಬರ್ ತಗೊಂಡರೆ ಕೈ ಹಿಡಿಯುತ್ತಿದ್ದರು.

"ಅಳಿಸೋಕೆ ಹೋಗ್ಬೇಡ ಕಣೋ. ಅಳಿಸಿದ ಜಾಗ ತೂತು ಬೀಳುತ್ತೆ. ಬಿದ್ದದ್ದು ಬಿತ್ತು, ಮುಂದಿನ ಅಕ್ಷರ ನೋಡು."

ಅವರ ಹತ್ತಿರ ಕಲಿತವರು ತಾಲ್ಲೂಕು ಕಚೇರಿ, ಕೋರ್ಟು, ಖಜಾನೆ ಎಲ್ಲ ಕಡೆ ಇದ್ದರು. ಕೆಲಸ ಸಿಕ್ಕವರು ಮೈಸೂರು ಪಾಕಿನ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಮೇಡಂ ಒಂದು ಚೂರು ಬಾಯಿಗೆ ಹಾಕಿಕೊಂಡು, "ನನ್ನ ಹತ್ರ ಕಲಿತೋರಿಗೆಲ್ಲ ಪೆನ್ಷನ್ ಬರುತ್ತೆ. ನನಗೆ ಮಾತ್ರ ಇಲ್ಲ ನೋಡು" ಎಂದು ನಗುತ್ತಿದ್ದರು. ಎದುರು ಬೀದಿಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದ ಮೇಲೆ ಅದೇ ಮಾತನ್ನು ನಗದೆ ಹೇಳತೊಡಗಿದರು. ಸಂಜೆ ಬ್ಯಾಚಿನಲ್ಲಿ ಒಂಬತ್ತು ಮಿಷನ್ನಿಗೆ ಮೂರು ಜನ. ಅವರಿಗೆ ಆಗ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಹಿಂದೆ ಮುಂದೆ ಯಾರೂ ಇರಲಿಲ್ಲ.

ಅವರ ಆಸೆ ದೊಡ್ಡದೇನಲ್ಲ. ಹುಟ್ಟೂರು ಹಳೇಬೀಡಿನಲ್ಲಿ, ಕೆರೆ ಏರಿ ಹತ್ತಿರ, ಒಂದು ಬಾಡಿಗೆ ರೂಮು. ಅರವತ್ತಕ್ಕೆ ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿ ಅಲ್ಲಿ ಹೋಗಿ ಕೂರುವುದು, ಯಾರ ಮುಂದೆಯೂ ಕೈ ಒಡ್ಡದೆ ಉಣ್ಣುವುದು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಹೋಗಿ ರೂಮು ನೋಡಿ ಬಂದರು. ಕಿಟಕಿ ತೆಗೆದರೆ ನೀರು ಕಾಣುತ್ತಿತ್ತು. ಟೇಬಲ್ ಎಲ್ಲಿ ಹಾಕ್ತೀರಿ ಎಂದು ಕೇಳಿದೆ. ಟೇಬಲ್ಲೂ ಬೇಡ, ಮಿಷನ್ನೂ ಬೇಡ, ಬೆರಳಿಗೂ ರಿಟೈರ್ಮೆಂಟ್ ಎಂದರು. ಆ ದಿನದಷ್ಟು ಅವರು ಖುಷಿಯಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಬ್ಯಾಂಕಿನ ಬಡ್ಡಿ ಇಳಿಯುತ್ತಿದ್ದ ಕಾಲ. ಅದರಲ್ಲಿ ಮುದಿತನ ಸಾಗುವುದಿಲ್ಲ ಎಂದು ಲೆಕ್ಕ ಹಾಕಿ, ತಿಂಗಳಿಗಿಷ್ಟು ಒಳ್ಳೆಯ ಕಂಪನಿಗಳ ಷೇರು ಕೊಂಡು ಮುಟ್ಟದೆ ಇಡಬೇಕು ಎಂದು ತೀರ್ಮಾನಿಸಿದರು. ಯಾರ ಮೂಲಕ ಕೊಳ್ಳುವುದು? ಮೂರು ಕಡೆ ವಿಚಾರಿಸಿದರು. ಒಬ್ಬ ಅರಸೀಕೆರೆಯ ಹಳೇ ಷೇರು ದಲ್ಲಾಳಿ. ನೂರು ರೂಪಾಯಿಗೆ ಒಂದೂವರೆ ರೂಪಾಯಿ ಕಮಿಷನ್, ಜೊತೆಗೆ ಅರ್ಧ ಗಂಟೆ ಬುದ್ಧಿವಾದ. ಇನ್ನೊಂದು ಬೆಂಗಳೂರಿನ ದೊಡ್ಡ ಕಂಪನಿ. ಫೋನ್ ಮಾಡಿದರೆ ಸಂಗೀತ ಕೇಳಿಸುತ್ತಿತ್ತು, ಇತ್ತ ಎಸ್‌ಟಿಡಿ ಬೂತಿನ ಮೀಟರು ಓಡುತ್ತಿತ್ತು. ಮೂರನೆಯದು ಹಾಸನದ ಹೊಸ ಆಫೀಸು. ಎಲ್ಲರಿಗಿಂತ ಅಗ್ಗ. ನಾನು ಅಲ್ಲಿಯೇ ಗುಮಾಸ್ತನಾಗಿ ಸೇರಿದ್ದೆ, ದಿನಾ ಊರಿನಿಂದ ಅರಸೀಕೆರೆ ಮೇಲೆ ಓಡಾಡುತ್ತಿದ್ದೆ.

ಮೇಡಂ ಫುಲ್‌ಸ್ಕೇಪ್ ಹಾಳೆಯಲ್ಲಿ ಮೂವರದೂ ಕಮಿಷನ್, ವರ್ಷದ ಫೀಸು, ಬಸ್ ಚಾರ್ಜು ಎಲ್ಲ ಟೈಪ್ ಮಾಡಿದರು. ಕೊನೆಯ ಕಾಲಂ 'ಇಪ್ಪತ್ತು ವರ್ಷಕ್ಕೆ ಎಷ್ಟು?' ಎಂದು. ನಾಲ್ಕಾಣೆ ವ್ಯತ್ಯಾಸಕ್ಕೆ ಇಷ್ಟು ಯಾಕೆ ತಲೆ ಕೆಡಿಸ್ಕೊಳ್ತೀರಿ ಎಂದೆ. ಇಪ್ಪತ್ತು ವರ್ಷ ತಿಂದರೆ ಇಲಿ ಕೂಡ ಕಣಜ ಖಾಲಿ ಮಾಡುತ್ತದೆ ಎಂದರು. ಅದೂ ಸಾಲದೆ ಮೂವರಿಗೂ ಒಂದೇ ಪ್ರಶ್ನೆ ಬರೆದು ಕಾರ್ಡು ಹಾಕಿದರು, ಯಾರ ಉತ್ತರ ಎಷ್ಟು ದಿನಕ್ಕೆ ಬರುತ್ತದೆ ನೋಡೋಣ ಎಂದು. ನಮ್ಮ ಆಫೀಸಿನ ಉತ್ತರ ಎರಡೇ ದಿನಕ್ಕೆ ತಲುಪಿತು, ಯಾಕೆಂದರೆ ಅದನ್ನು ಟೈಪ್ ಮಾಡಿ ಅಂಚೆಗೆ ಹಾಕಿದವನು ನಾನು. ಮರುದಿನ ಸಂಜೆ ಅದೇ ಕಾರ್ಡನ್ನು ನನ್ನ ಕೈಗೆ ವಾಪಸ್ ಕೊಟ್ಟರು. ಮೇಲಕ್ಕೆ ಹಾರಿದ ನಾಲ್ಕು ಅಕ್ಷರಕ್ಕೆ ಕೆಂಪು ಸುತ್ತು ಹಾಕಿದ್ದರು.

ಆಗ ಷೇರುಗಳು ಕಾಗದ ಬಿಟ್ಟು ಕಂಪ್ಯೂಟರ್ ಖಾತೆಗೆ ಹೋದ ಹೊಸತು. ಖಾತೆಯಿಂದ ಷೇರು ಆಚೆ ಹೋಗಬೇಕಾದರೆ ಖಾತೆದಾರರ ಸಹಿ ಇರುವ ಚೀಟಿ ಬೇಕು, ಚೆಕ್ಕಿನ ಹಾಗೆ. ಚೆಕ್ ಪುಸ್ತಕದ ಥರವೇ ಅದಕ್ಕೊಂದು ಪುಸ್ತಕ. ನಮ್ಮ ಮಾಲೀಕರದೊಂದು ಸ್ಕೀಮು ಇತ್ತು. ಆ ಪುಸ್ತಕದ ಅಷ್ಟೂ ಹಾಳೆಗೆ ಮುಂಚೆಯೇ ಸಹಿ ಹಾಕಿ ಆಫೀಸಿನಲ್ಲಿ ಬಿಟ್ಟವರಿಗೆ ವರ್ಷದ ಫೀಸು ಮಾಫಿ. ಗಂಡಸಿ, ಬಿಕ್ಕೋಡು, ಬೇಲೂರಿನ ಗಿರಾಕಿಗಳೆಲ್ಲ ಹಾಗೇ ಬಿಟ್ಟಿದ್ದರು. ಬಸ್ ಚಾರ್ಜು ಉಳಿಯಿತು ಎಂದುಕೊಂಡಿದ್ದರು. ನಾನು ಪುಸ್ತಕ ತಗೊಂಡು ಮೇಡಂ ಹತ್ತಿರ ಹೋದೆ.

"ಆ ದಲ್ಲಾಳಿ ಇದನ್ನ ಮನೇಲೇ ಬೀಗ ಹಾಕಿ ಇಟ್ಕೊಳ್ಳಿ ಅಂತಾನೆ. ನಿಮ್ಮೋರು ಬರೀ ಸಹಿ ಹಾಕಿ ಕೊಡಿ ಅಂತಾರೆ. ಖಾಲಿ ಕಾಗದಕ್ಕೆ ಸಹಿ ಹಾಕ್ಬಹುದೇನೋ?"

"ನಾನಿದ್ದೀನಲ್ಲ ಮೇಡಂ" ಎಂದೆ.

ಅಷ್ಟೇ ನಾನು ಹೇಳಿದ್ದು. ಅವರು ಇಪ್ಪತ್ತು ವರ್ಷದ ಕಾಲಂ ಒಂದು ಸಲ ನೋಡಿದರು, ನನ್ನ ಮುಖ ಒಂದು ಸಲ ನೋಡಿದರು, ಸಹಿ ಹಾಕತೊಡಗಿದರು. ಮೊದಲ ಸಹಿಗೂ ಕೊನೆಯ ಸಹಿಗೂ ಕೂದಲೆಳೆ ವ್ಯತ್ಯಾಸವಿರಲಿಲ್ಲ.

ಎರಡು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಪ್ರತಿ ತಿಂಗಳು ಫೀಸು ಬಂದ ಮರುದಿನ ಮೇಡಂ ಚೆಕ್ ಕೊಡುತ್ತಿದ್ದರು, ಸೋಪು, ಔಷಧಿ, ಸಿಮೆಂಟಿನ ಕಂಪನಿಗಳ ಐದೋ ಹತ್ತೋ ಷೇರು ಖಾತೆಗೆ ಸೇರುತ್ತಿದ್ದವು. ಆಮೇಲೆ ಷೇರು ಪೇಟೆ ಬಿತ್ತು. ಒಂದು ಶುಕ್ರವಾರ ಮಾಲೀಕರು ಚೀಟಿ ಪುಸ್ತಕಗಳಿದ್ದ ಡ್ರಾಯರಿನ ಕೀ ಕೇಳಿದರು. ಕೊಟ್ಟೆ. ಯಾಕೆ ಎಂದು ಕೇಳಲಿಲ್ಲ. ಕೇಳಲು ನನಗೆ ಬಾಯಿರಲಿಲ್ಲವೇ? ಇತ್ತು. ಸಂಬಳದ ದಿನ ಹತ್ತಿರವಿತ್ತು, ಅದಕ್ಕೇ ಮುಚ್ಚಿಕೊಂಡಿದ್ದೆ. ಮುಂದಿನ ವಾರ ಆಫೀಸಿಗೆ ಬೀಗ. ತನ್ನ ಸ್ವಂತ ಜೂಜಿನ ನಷ್ಟ ತುಂಬಲು ಗಿರಾಕಿಗಳ ಷೇರನ್ನೆಲ್ಲ ಆ ಚೀಟಿಗಳ ಮೇಲೆ ಮಾರಿಕೊಂಡು, ಮನುಷ್ಯ ಕಾಲಿಗೆ ಬುದ್ಧಿ ಹೇಳಿದ್ದ.

ಮೇಡಂಗೆ ಹೇಳಲು ಮೆಟ್ಟಿಲು ಹತ್ತಿದಾಗ ಒಬ್ಬಳು ಹುಡುಗಿ ಸ್ಪೀಡ್ ಟೆಸ್ಟ್ ಬರೆಯುತ್ತಿದ್ದಳು. ಮೇಡಂ ಕೈ ತೋರಿಸಿ ನನ್ನನ್ನು ಕೂರಿಸಿದರು. ಟೆಸ್ಟ್ ಮುಗಿಯಿತು, ತಪ್ಪು ಎಣಿಸಿದರು, ಹುಡುಗಿ ಹೋದಳು. ಹೇಳಿದೆ.

"ಎಲ್ಲಾನಾ?" ಎಂದರು.

"ಎಲ್ಲಾ ಮೇಡಂ."

ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿ ಹತ್ತಿರ ಹೋಗಿ ಬಹಳ ಹೊತ್ತು ನಿಂತರು. ಅಲ್ಲಿಂದ ಕೆರೆಯೇನೂ ಕಾಣುತ್ತಿರಲಿಲ್ಲ, ಮಂಡಿ ಮುಂದಿನ ಗಾಡಿಗಳು ಕಾಣುತ್ತಿದ್ದವು. ಆಮೇಲೆ ಬಂದು ಕಾರ್ಬನ್ ಇಟ್ಟು ಮೂರು ಪ್ರತಿ ದೂರು ಟೈಪ್ ಮಾಡಿದರು. ಷೇರು ವ್ಯವಹಾರದ ತಕರಾರು ನೋಡುವ ಬೆಂಗಳೂರಿನ ಕಚೇರಿಗೆ. ಕವರಿಗೆ ಅಂಟು ಹಾಕದೆ ನನ್ನ ಕೈಗೆ ಕೊಟ್ಟರು. "ಓದಿ ನೋಡಿ ರಿಜಿಸ್ಟರ್ ಮಾಡು."

ಬೀದಿಗೆ ಬಂದು ಓದಿದೆ. ಖಾಲಿ ಚೀಟಿಗಳಿಗೆ ಸಹಿ ಪಡೆದುಕೊಂಡು ಹೋದವನು ಯಾರು ಎಂದು ಅದರಲ್ಲಿತ್ತು. ನನ್ನ ಪೂರ್ತಿ ಹೆಸರು, ತಂದೆ ಹೆಸರು, ಊರು.

ನಾನು ಅದನ್ನು ಅಂಚೆಗೆ ಹಾಕಲಿಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಮನೆಗೆ ತಂದು ಟ್ರಂಕಿನ ತಳದಲ್ಲಿಟ್ಟೆ. ಪೊಲೀಸರು ಬರುತ್ತಾರೆ, ಇನ್ನು ಯಾರೂ ಕೆಲಸ ಕೊಡುವುದಿಲ್ಲ ಎಂದು ಹೆದರಿದೆ. ಅನ್ನ ಸೇರುತ್ತಿರಲಿಲ್ಲ. ಅವ್ವ, "ಯಾಕ್ಲಾ, ಮೈಯಾಗೆ ಉಸಾರಿಲ್ವಾ? ಏನಾರ ಐತಾ ಮನಸ್ನಾಗೆ?" ಅಂದರೆ ಏನೂ ಇಲ್ಲ ಎಂದೆ. ಸ್ಟೇಷನ್ ರಸ್ತೆ ಬಿಟ್ಟು ಸುತ್ತಿ ಬಳಸಿ ಓಡಾಡಿದೆ.

ಹನ್ನೊಂದನೆಯ ದಿನ ಹರಿದು ಹಾಕೋಣವೆಂದೇ ಟ್ರಂಕಿನಿಂದ ತೆಗೆದೆ. ಇನ್ನೊಂದು ಸಲ ಕಣ್ಣಾಡಿಸಿದೆ. ಎರಡು ಪುಟ, ಒಂದು ತಪ್ಪಿಲ್ಲ, ಒಂದು ಸಾಲು ಸೊಟ್ಟಗಿಲ್ಲ. ನನ್ನ ಹೆಸರಿನ ಹತ್ತಿರ ಮಾತ್ರ ಮೊದಲನೆಯ ದೊಡ್ಡಕ್ಷರ ಸಾಲು ಬಿಟ್ಟು ಮೇಲಕ್ಕೆ ಹಾರಿತ್ತು. ಮೂವತ್ತು ವರ್ಷದಲ್ಲಿ ಹಾರದ ಅಕ್ಷರ. ಅಲ್ಲಿ ಅವರೂ ಶಿಫ್ಟ್ ಕೀಯನ್ನು ಬೇಗ ಬಿಟ್ಟಿದ್ದಾರೆ. ಆದರೂ ಅಳಿಸದೆ ಮುಂದಕ್ಕೆ ಹೋಗಿದ್ದಾರೆ. ಅವತ್ತೇ ಅರಸೀಕೆರೆಗೆ ಹೋಗಿ ರಿಜಿಸ್ಟರ್ ಮಾಡಿದೆ.

ಮಾಲೀಕನ ಕಡೆ ವಸೂಲಾದದ್ದು ಸ್ವಲ್ಪವೇ. ಗೊತ್ತು ಮಾಡಿದ ತಾರೀಕಿನೊಳಗೆ ದೂರು ಕೊಟ್ಟವರಿಗೆ ಮಾತ್ರ ಅದನ್ನು ಹಂಚಿದರು. ಮೇಡಂ ದೂರು ಆ ತಾರೀಕು ದಾಟಿ ನಾಲ್ಕನೆಯ ದಿನ ತಲುಪಿತ್ತು. ನನ್ನನ್ನೂ ಕರೆಸಿ ಹೇಳಿಕೆ ತಗೊಂಡು ಬಿಟ್ಟರು. ನಾನು ಹೆದರಿ ಸತ್ತದ್ದು ಅಷ್ಟಕ್ಕೇ. ಅಂಚೆ ರಸೀತಿಯನ್ನು ಮೇಡಂ ಕೈಗೆ ಕೊಟ್ಟ ದಿನ ಅವರು ಕನ್ನಡಕ ಏರಿಸಿ ಮುದ್ರೆಯ ತಾರೀಕು ಓದಿದರು. ಬೆರಳು ಮಡಚಿ ಎಣಿಸಿದರು. ಫೈಲಿಗೆ ಹಾಕಿಕೊಂಡರು.

ಆಮೇಲೆ ನಾನೊಂದು ಕವರಿನಲ್ಲಿ ದುಡ್ಡು ತಗೊಂಡು ಹೋದೆ, ತಿಂಗಳು ತಿಂಗಳು ಕೊಡ್ತೀನಿ ಮೇಡಂ ಎಂದು. ಅವರು ಅದನ್ನು ಮುಟ್ಟಲಿಲ್ಲ.

"ಅಳಿಸೋಕೆ ಬಂದ್ಯಾ? ತೂತು ಬೀಳುತ್ತೆ ಕಣೋ. ಹೋಗು, ಮಿಷನ್ ಮುಂದೆ ಕೂತ್ಕೋ."

ಕೂರಿಸಿದರು. ಟೈಪಿಂಗಿನ ಸೀನಿಯರ್ ಪರೀಕ್ಷೆಗೆ ಆರು ತಿಂಗಳು ತಾಲೀಮು ಮಾಡಿಸಿದರು. ಕೋರ್ಟಿನ ಟೈಪಿಸ್ಟ್ ಕೆಲಸಕ್ಕೆ ಅರ್ಜಿ ತರಿಸಿ ತುಂಬಿಸಿದವರೂ ಅವರೇ. ಕ್ಷಮಿಸಿದರೋ ಇಲ್ಲವೋ ನನಗೆ ತಿಳಿಯದು. ಕೆಲಸ ಸಿಕ್ಕಿತು. ಮೈಸೂರು ಪಾಕು ತಗೊಂಡು ಹೋದೆ. ಒಂದು ಚೂರು ಬಾಯಿಗೆ ಹಾಕಿಕೊಂಡರು. ಪೆನ್ಷನ್ನಿನ ಮಾತು ಮಾತ್ರ ಆಡಲಿಲ್ಲ.

ಕೊನೆಗೆ ಇನ್‌ಸ್ಟಿಟ್ಯೂಟ್ ಮುಚ್ಚಿತು. ಎಂಟು ಮಿಷನ್ನು ಗುಜರಿಗೆ ಹೋದವು. ಒಂಬತ್ತನೆಯದನ್ನು ತಾಲ್ಲೂಕು ಕಚೇರಿಯ ಜಗುಲಿಗೆ ಒಯ್ದು, ಪಹಣಿ ಅರ್ಜಿ, ವಿಧವಾ ವೇತನದ ಅರ್ಜಿ ಟೈಪ್ ಮಾಡುತ್ತ ಕೂತರು. ಅರವತ್ತು ಅಲ್ಲೇ ತುಂಬಿತು. ಇನ್ನೊಬ್ಬರಿಗೆ ಪೆನ್ಷನ್ ಕೊಡಿಸುವ ಕಾಗದ ಬಡಿಯುತ್ತ ಬಡಿಯುತ್ತ ಅವರ ಕಿರುಬೆರಳುಗಳು ಸೆಟೆದುಕೊಂಡವು. ಮಧ್ಯಾಹ್ನ ಕೋರ್ಟಿನಿಂದ ಹೋಗಿ ಟೀ ಕೊಡಿಸುತ್ತಿದ್ದೆ. ಟೀ ಒಂದನ್ನು ಬೇಡ ಎನ್ನಲಿಲ್ಲ. ಹಳೇಬೀಡಿನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಅರವತ್ತನಾಲ್ಕರಲ್ಲಿ ಒಂದು ದಿನ ಜಗುಲಿಯ ಮೇಲೆಯೇ ಕುಸಿದರು. ಹಾಸನದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿ ನರ್ಸ್ ಒಂದು ಫಾರಂ ತಂದು, ಇಲ್ಲಿ ಸಹಿ ಮಾಡ್ಬಿಡಿ ಸಾರ್, ಮಿಕ್ಕಿದ್ದು ಆಮೇಲೆ ನಾವು ತುಂಬ್ಕೊಳ್ತೀವಿ ಎಂದಳು. ಗಾಬರಿಯಲ್ಲಿ ಪೆನ್ನು ತೆಗೆದೆ. ಮಂಚದಿಂದ ಮೇಡಂ ದನಿ ಬಂತು, ಬಹಳ ಸಣ್ಣಗೆ.

"ಮೊದಲು ತುಂಬು. ಆಮೇಲೆ ಸಹಿ ಹಾಕು."

ತುಂಬಿದೆ. ಹೆಸರು, ವಯಸ್ಸು, ಊರು. 'ರೋಗಿಗೂ ನಿಮಗೂ ಏನು ಸಂಬಂಧ' ಎಂಬಲ್ಲಿ ಪೆನ್ನು ನಿಂತಿತು. ಏನು ಬರೆಯಲಿ ಮೇಡಂ ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಸ್ಟೂಡೆಂಟ್ ಅಂತ ಹಾಕು."

ಹಾಕಿದೆ. ಫಾರಮ್ಮನ್ನು ಕೈಗೆ ತಗೊಂಡು, ಆ ಜಡ್ಡುಗಟ್ಟಿದ ಹೆಬ್ಬೆರಳನ್ನು ಒಂದೊಂದು ಸಾಲಿನ ಮೇಲೂ ಎಳೆದರು. ಖಾಲಿ ಜಾಗ ಎಲ್ಲೂ ಸಿಗಲಿಲ್ಲ. ವಾಪಸ್ ಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು.

ಇನ್ನು ಕೆಲವೇ ವರ್ಷಕ್ಕೆ ನಾನು ರಿಟೈರ್ ಆಗುತ್ತೇನೆ. ಮೇಡಂ ಹೇಳಿದ್ದು ಸುಳ್ಳಾಗಲಿಲ್ಲ. ಅವರ ಹತ್ತಿರ ಕಲಿತ ನನಗೂ ಪೆನ್ಷನ್ ಬರುತ್ತದೆ.